ಹೆರಿಗೆಯಾಗಿ ಐದು ತಿಂಗಳು, ಹೊಟ್ಟೆಗೆ ಇನ್ನೂ ಬಲ ಬಂದಿಲ್ಲ: ಏನು ಮಾಡಲಿ?

ಪ್ರಶ್ನೆ: ನನಗೆ 32 ವರ್ಷ. ಎರಡನೇ ಮಗುವಿಗೆ ಈಗ ಐದು ತಿಂಗಳು. ಮೊದಲನೆಯದು ನಾರ್ಮಲ್ ಹೆರಿಗೆ, ಇದು ಸಿಸೇರಿಯನ್. ಹೊಲಿಗೆ ಚೆನ್ನಾಗಿ ಮಾಗಿದೆ, ವ್ಯಾಯಾಮ ಶುರು ಮಾಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಹೊಟ್ಟೆಯಲ್ಲಿ ಶಕ್ತಿಯೇ ಇಲ್ಲ. ಹಾಸಿಗೆಯಿಂದ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಂಡು ಎದ್ದು ನಿಲ್ಲುತ್ತದೆ. ಅಲ್ಲಿ ಬೆರಳಿಟ್ಟರೆ ಮೂರು ಬೆರಳಿನ ಅಗಲ ಸಂದು ಸಿಗುತ್ತದೆ. ಜೋರಾಗಿ ಸೀನಿದರೆ ಒಂದೆರಡು ಹನಿ ಮೂತ್ರ ಹೋಗುತ್ತದೆ. ಒಂದು ವಿಡಿಯೋದಲ್ಲಿ ದಿನಕ್ಕೆ 100 ಕ್ರಂಚ್ (ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಮಾಡಿ ಅಂತಾರೆ. ಇನ್ನೊಂದರಲ್ಲಿ ಕ್ರಂಚ್ ಮಾಡಿದರೆ ಹೊಟ್ಟೆ ಇನ್ನೂ ಬಿಟ್ಟುಕೊಳ್ಳುತ್ತದೆ ಅಂತಾರೆ. ಹೆದರಿ ಏನೂ ಮಾಡದೆ ಕೂತಿದ್ದೇನೆ. ಬೆಲ್ಟ್ ಕಟ್ಟಲೇ? ಮೊದಲಿನ ಬಲ ವಾಪಸ್ ಬರುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬರುತ್ತದೆ. ಐದು ತಿಂಗಳು ತಡವೇನೂ ಅಲ್ಲ. ಐದು ವರ್ಷ ಕಳೆದ ಮೇಲೆ ಶುರು ಮಾಡಿದವರಿಗೂ ಸ್ನಾಯು ಬಲ ಬರುತ್ತದೆ. ಸ್ನಾಯುವಿಗೆ ಹೆರಿಗೆಯ ತಾರೀಖು ನೆನಪಿರುವುದಿಲ್ಲ. ಇವತ್ತು ಅದಕ್ಕೆ ಎಷ್ಟು ಕೆಲಸ ಕೊಡುತ್ತೀರಿ ಅನ್ನುವುದಷ್ಟೇ ಅದಕ್ಕೆ ಗೊತ್ತು.

ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಮೂರು ಬೆರಳಿನ ಸಂದಲ್ಲ. "ಹೆದರಿ ಏನೂ ಮಾಡದೆ ಕೂತಿದ್ದೇನೆ" ಅನ್ನುವ ಮಾತು. ಫಿಸಿಯೋಥೆರಪಿಸ್ಟ್ ಆದ ನನ್ನ ಹತ್ತಿರ ಎಷ್ಟೋ ತಾಯಂದಿರು ಇದೇ ಹೆದರಿಕೆ ಹೊತ್ತು ಬರುತ್ತಾರೆ. ಸ್ವಲ್ಪ ಯೋಚಿಸಿ. ಐದು ತಿಂಗಳ ಮಗು ಸುಮಾರು ಏಳು ಕಿಲೋ ಇರುತ್ತದೆ. ಆ ಏಳು ಕಿಲೋವನ್ನು ನೀವು ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ? ಮೂವತ್ತೋ ನಲವತ್ತೋ? ಅದೂ ಬಗ್ಗಿಕೊಂಡು, ಒಂದು ಕಡೆಗೆ ತಿರುಗಿಕೊಂಡು, ನಿದ್ದೆಗಣ್ಣಲ್ಲಿ. ಜೊತೆಗೆ ದೊಡ್ಡ ಮಗುವೂ ಎತ್ತಿಕೋ ಅನ್ನುತ್ತಿರುತ್ತದೆ. ಹಾಗಾದರೆ ನಿಮ್ಮ ಹೊಟ್ಟೆ ಸುಮ್ನೆ ಕೂತಿಲ್ಲ, ಅಲ್ವಾ? ಈಗಾಗಲೇ ದುಡಿಯುತ್ತಿದೆ. ಆ ದುಡಿಮೆಗೆ ಬೇಕಾದಷ್ಟು ತಯಾರಿ ಮಾತ್ರ ಅದಕ್ಕೆ ಸಿಕ್ಕಿಲ್ಲ. ವ್ಯಾಯಾಮ ಅಂದರೆ ಆ ತಯಾರಿ.

ಮೊದಲು ಒಳಗೆ ಏನಾಗಿದೆ ನೋಡೋಣ. ಹೊಟ್ಟೆಯ ಮುಂಭಾಗದಲ್ಲಿ ಪಕ್ಕೆಲುಬಿನಿಂದ ಕೆಳಗಿನ ಮೂಳೆಯವರೆಗೆ ಎರಡು ಉದ್ದನೆಯ ಸ್ನಾಯುಪಟ್ಟಿಗಳಿವೆ. ಅವೆರಡನ್ನೂ ನಡುವೆ ಸೇರಿಸುವುದು ಲೀನಿಯಾ ಆಲ್ಬಾ ಎಂಬ ಗಟ್ಟಿ ನಾರಿನ ಪಟ್ಟಿ. ಮಗು ಬೆಳೆದಂತೆ ಈ ನಾರಿನ ಪಟ್ಟಿ ಹಿಗ್ಗಿ ಅಗಲವಾಗುತ್ತದೆ, ತೆಳುವಾಗುತ್ತದೆ. ಎರಡು ಸ್ನಾಯುಗಳು ಆಚೀಚೆ ಸರಿಯುತ್ತವೆ. ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಹೆಸರು ಕೇಳಿದರೆ ದೊಡ್ಡ ಕಾಯಿಲೆ ಅನಿಸುತ್ತದೆ. ಆದರೆ ತುಂಬು ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇದು ಇಷ್ಟೋ ಅಷ್ಟೋ ಆಗಿಯೇ ಇರುತ್ತದೆ. ಏನೂ ಹರಿದಿಲ್ಲ, ಏನೂ ಒಡೆದಿಲ್ಲ. ಮಗುವಿಗೆ ಜಾಗ ಬೇಕಿತ್ತು, ಹೊಟ್ಟೆ ಜಾಗ ಬಿಟ್ಟುಕೊಟ್ಟಿತು, ಅಷ್ಟೇ.

ಹೆರಿಗೆಯಾದ ಮೇಲೆ ಇದು ತಾನಾಗಿಯೇ ಕೂಡಿಕೊಳ್ಳುತ್ತಾ ಬರುತ್ತದೆ. ಮೊದಲ ಎಂಟು ವಾರದಲ್ಲಿ ಬೇಗ, ಆಮೇಲೆ ನಿಧಾನ. ನಾರ್ವೆಯಲ್ಲಿ ಮೊದಲ ಸಲ ತಾಯಿಯಾದ 300 ಮಹಿಳೆಯರನ್ನು ಒಂದು ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆರು ವಾರಕ್ಕೆ 100ರಲ್ಲಿ 60 ಮಂದಿಗೆ ಸಂದು ಇತ್ತು. ಆರು ತಿಂಗಳಿಗೆ ಅದು 45ಕ್ಕೆ ಇಳಿಯಿತು. ವರ್ಷ ತುಂಬುವಾಗ 33. ಅಂದರೆ ಐದು ತಿಂಗಳಿಗೆ ಸಂದು ಉಳಿದಿರುವುದು ನಿಮಗೊಬ್ಬರಿಗೇ ಆದ ಕಷ್ಟವಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಂಡುಬಂತು. ಸಂದು ಇರುವವರಿಗೆ, ಇಲ್ಲದವರಿಗಿಂತ ಸೊಂಟನೋವು ಜಾಸ್ತಿ ಏನೂ ಇರಲಿಲ್ಲ. ಬೆನ್ನು ನೋವಿಗೆಲ್ಲ ಈ ಸಂದೇ ಕಾರಣ ಎಂದು ಹೆದರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಅದಕ್ಕೇ ಇದನ್ನು ಹೇಳಿದೆ.

ನೀವು ಬೆರಳಿಟ್ಟು ನೋಡಿಕೊಂಡಿದ್ದೀರಿ. ಇನ್ನೊಂದು ಸಲ ನೋಡಿ, ಆದರೆ ಈ ಸಲ ಅಗಲ ಅಳೆಯಲು ಅಲ್ಲ. ಅಂಗಾತ ಮಲಗಿ ಮಂಡಿ ಮಡಚಿ. ಎರಡು ಬೆರಳಿನ ತುದಿಯನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡಕ್ಕೆ ಇಡಿ. ಉಸಿರು ಬಿಡುತ್ತಾ ತಲೆಯನ್ನು ಮಾತ್ರ ಮೆಲ್ಲಗೆ ಎತ್ತಿ. ಎರಡು ಕಡೆಯಿಂದ ಸ್ನಾಯುವಿನ ಅಂಚು ಬೆರಳಿಗೆ ತಾಗುತ್ತದೆ. ಈಗ ಬೆರಳಿನ ಕೆಳಗಿನ ಜಾಗ ಹೇಗಿದೆ? ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯ ಹಾಗೆ ಬೆರಳನ್ನು ವಾಪಸ್ ತಳ್ಳುತ್ತದೆಯೋ, ಅಥವಾ ನಾದಿದ ಹಿಟ್ಟಿನ ಹಾಗೆ ಬೆರಳು ಒಳಗೆ ಇಳಿಯುತ್ತದೆಯೋ? ತಲೆ ಇಳಿಸಿ. ಈಗ ಉಸಿರು ಬಿಡುತ್ತಾ, ಮೂತ್ರ ತಡೆಹಿಡಿಯುವಾಗ ಮಾಡುವಂತೆ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬಿಗಿ ಮಾಡಿ, ಆಮೇಲೆ ತಲೆ ಎತ್ತಿ. ಬೆರಳಿನ ಕೆಳಗೆ ಮೊದಲಿಗಿಂತ ಬಿಗಿ ಸಿಕ್ಕಿತಾ? ಎಷ್ಟೋ ಜನರಿಗೆ ಮೊದಲ ದಿನವೇ ಸ್ವಲ್ಪ ವ್ಯತ್ಯಾಸ ಗೊತ್ತಾಗುತ್ತದೆ. ಸಂದು ಅದೇ ಮೂರು ಬೆರಳು ಇರಬಹುದು. ಆದರೆ ಬಿಗಿ ಬರುವ ಹೊಟ್ಟೆ ಕೆಲಸ ಮಾಡುವ ಹೊಟ್ಟೆ. ಮೂರು ಬೆರಳಿನ ಸಂದು ಇಟ್ಟುಕೊಂಡೇ ಭಾರ ಎತ್ತುವ, ಓಡುವ ತಾಯಂದಿರನ್ನು ನೋಡಿದ್ದೇನೆ. ಒಂದೇ ಬೆರಳಿನ ಸಂದಿದ್ದು ಬಕೆಟ್ ಎತ್ತಲು ಆಗದವರನ್ನೂ ನೋಡಿದ್ದೇನೆ. ಆದ್ದರಿಂದ ದಿನಾ ಬೆಳಗ್ಗೆ ಬೆರಳಿಟ್ಟು ಅಳೆಯುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಇನ್ನು ವ್ಯಾಯಾಮ. ಶುರು ಉಸಿರಿನಿಂದ. ಇದು ಸುಲಭ ಅನಿಸಿದ್ದಕ್ಕೇ ಜಾಸ್ತಿ ಜನ ಇದನ್ನು ಹಾರಿಸಿ ಮುಂದಕ್ಕೆ ಹೋಗುತ್ತಾರೆ, ಆಮೇಲೆ ವಾಪಸ್ ಬರುತ್ತಾರೆ. ಹೊಟ್ಟೆಯನ್ನು ಒಂದು ಡಬ್ಬಿ ಅಂದುಕೊಳ್ಳಿ. ಮೇಲಿನ ಮುಚ್ಚಳ ಉಸಿರಾಟದ ಸ್ನಾಯುವಾದ ವಪೆ. ಸುತ್ತಲಿನ ಗೋಡೆ, ಸೊಂಟದ ಸುತ್ತ ಪಟ್ಟಿಯ ಹಾಗೆ ಸುತ್ತಿರುವ ಒಳಗಿನ ಹೊಟ್ಟೆ ಸ್ನಾಯು. ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡಿರುವ ಸಣ್ಣ ಸ್ನಾಯುಗಳು. ಕೆಳಗಿನ ತಳ, ಮೂತ್ರಕೋಶ ಮತ್ತು ಗರ್ಭಕೋಶವನ್ನು ಹೊತ್ತಿರುವ ಪೆಲ್ವಿಕ್ ಫ್ಲೋರ್. ಭಾರ ಎತ್ತಿದಾಗ ಡಬ್ಬಿಯೊಳಗೆ ಒತ್ತಡ ಏರುತ್ತದೆ. ನಾಲ್ಕೂ ಕಡೆ ಒಟ್ಟಿಗೆ ಬಿಗಿಯಾದರೆ ಆ ಒತ್ತಡವೇ ಬೆನ್ನಿಗೆ ಆಸರೆ. ಒಂದು ಕಡೆ ಸಡಿಲ ಇದ್ದರೆ ಒತ್ತಡ ಅಲ್ಲಿಂದ ದಾರಿ ಹುಡುಕುತ್ತದೆ. ನಿಮಗೆ ಎರಡು ಕಡೆ ಹುಡುಕಿದೆ. ಮುಂದೆ ದಿಂಡಾಗಿ ಎದ್ದಿದೆ, ಕೆಳಗೆ ಹನಿಯಾಗಿ ಹೋಗಿದೆ. ಎರಡೂ ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೀರಿ. ಎರಡನ್ನೂ ಒಟ್ಟಿಗೇ ಸರಿ ಮಾಡಬಹುದು.

ಮಲಗಿ, ಮಂಡಿ ಮಡಚಿ. ಒಂದು ಕೈ ಪಕ್ಕೆಲುಬಿನ ಮೇಲೆ, ಇನ್ನೊಂದು ಹೊಕ್ಕುಳಿನ ಕೆಳಗೆ. ಮೂಗಿನಿಂದ ಉಸಿರು ಎಳೆದುಕೊಳ್ಳಿ. ಪಕ್ಕೆಲುಬು ಅಗಲವಾಗಲಿ, ಹೊಟ್ಟೆ ಏಳಲಿ, ಕೆಳಗೆ ಪೂರ್ತಿ ಸಡಿಲ ಬಿಡಿ. ಆಮೇಲೆ ಬಾಯಿಂದ ನಿಧಾನವಾಗಿ ಉಸಿರು ಬಿಡಿ. ಬಿಡುತ್ತಿರುವಾಗ ಹಿಂದಿನಿಂದ ಗ್ಯಾಸ್ ತಡೆಹಿಡಿದಂತೆ, ಮುಂದಿನಿಂದ ಮೂತ್ರ ತಡೆಹಿಡಿದಂತೆ ಬಿಗಿ ಮಾಡಿ ಮೇಲಕ್ಕೆ ಎಳೆದುಕೊಳ್ಳಿ. ಹೊಕ್ಕುಳಿನ ಕೆಳಗಿನ ಕೈಗೆ ಹೊಟ್ಟೆ ಮೆಲ್ಲಗೆ ಒಳಕ್ಕೆ ಸರಿದದ್ದು ತಿಳಿಯುತ್ತದೆ. ಪೃಷ್ಠ ಬಿಗಿ ಆಗಬಾರದು, ತೊಡೆ ಒತ್ತಬಾರದು, ಉಸಿರು ಕಟ್ಟಬಾರದು. ಆರೇಳು ಸೆಕೆಂಡು ಹಿಡಿದು ಪೂರ್ತಿ ಬಿಡಿ. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಒಂದು ಸಲಕ್ಕೆ ಎಂಟರಿಂದ ಹನ್ನೆರಡು, ದಿನಕ್ಕೆ ಮೂರು ಸಲ. ಮಗುವಿಗೆ ಹಾಲು ಕೊಡುವಾಗ ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತೂ ಆಗುವುದಿಲ್ಲ. ಕೀಗಲ್ ವ್ಯಾಯಾಮ ಅನ್ನುವುದು ಇದಕ್ಕೇ. ಆರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ವೈದ್ಯರು 1948ರಲ್ಲಿ ಇದರ ಬಗ್ಗೆ ಬರೆದರು. ಹೆರಿಗೆಯಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮೂತ್ರ ಸೋರುವ ತೊಂದರೆ ಇರುತ್ತದೆ. ಸಿಸೇರಿಯನ್ ಆದವರಿಗೂ ಬರುತ್ತದೆ, ಏಕೆಂದರೆ ಒಂಬತ್ತು ತಿಂಗಳು ಭಾರ ಹೊತ್ತದ್ದು ಅದೇ ತಳ ತಾನೇ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ ನೋಡಬೇಕು. ಸೀನು ಬರುತ್ತಿದೆ ಅನ್ನುವಾಗಲೇ ಒಮ್ಮೆ ಗಟ್ಟಿಯಾಗಿ ಬಿಗಿ ಹಿಡಿದು ಆಮೇಲೆ ಸೀನಿ. ಈ ಒಂದು ಅಭ್ಯಾಸದಿಂದಲೇ ಎಷ್ಟೋ ಜನರಿಗೆ ಹನಿ ನಿಂತಿದೆ. ಒಂದು ಎಚ್ಚರಿಕೆ: ಮೂತ್ರ ಮಾಡುತ್ತಿರುವಾಗ ಮಧ್ಯದಲ್ಲಿ ನಿಲ್ಲಿಸುವುದನ್ನೇ ವ್ಯಾಯಾಮವಾಗಿ ಮಾಡಬೇಡಿ.

ಒಂದೆರಡು ವಾರದಲ್ಲಿ ಈ ಉಸಿರು ಮತ್ತು ಬಿಗಿ ಹಿಡಿತಕ್ಕೆ ಬಂದಮೇಲೆ ಅದರ ಮೇಲೆ ಕೈಕಾಲಿನ ಭಾರ ಸೇರಿಸುತ್ತಾ ಹೋಗುವುದು. ಅಂಗಾತ ಮಲಗಿದ್ದಂತೆಯೇ ಉಸಿರು ಬಿಡುತ್ತಾ ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಉದ್ದ ಮಾಡಿ, ವಾಪಸ್ ತನ್ನಿ. ಇದು ಸುಲಭವಾದಾಗ ಒಂದೊಂದೇ ಕಾಲನ್ನು ಮಂಡಿ ಮಡಚಿದಂತೆ ಮೇಲೆತ್ತಿ. ಎರಡೂ ಪಾದ ಊರಿ ಸೊಂಟ ಎತ್ತುವ ಬ್ರಿಜ್ ಸೇರಿಸಿ, ಪೃಷ್ಠದ ಸ್ನಾಯುಗಳೂ ಬಾಣಂತಿಯಲ್ಲಿ ಬಹಳ ಸೋತಿರುತ್ತವೆ. ಆಮೇಲೆ ಕೈ ಮತ್ತು ಮಂಡಿ ಊರಿ, ಎದುರುಬದುರು ಕೈ ಮತ್ತು ಕಾಲನ್ನು ಚಾಚುವುದು. ಗೋಡೆಗೆ ಕೈಯೂರಿ ಪುಷ್-ಅಪ್. ಕುರ್ಚಿಯಿಂದ ಕೂತು ಏಳುವುದು, ಕೊನೆಕೊನೆಗೆ ಕೈಯಲ್ಲಿ ಭಾರ ಹಿಡಿದುಕೊಂಡು. ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಮಂಡಿ ಊರಿ ಸೊಂಟ ಎತ್ತಿ ಹಿಡಿಯುವ ಪ್ಲ್ಯಾಂಕ್. ಒಂದೊಂದನ್ನೂ ಎಂಟು ಹತ್ತು ಸಲ, ಎರಡು ಮೂರು ಸುತ್ತು, ವಾರಕ್ಕೆ ಮೂರು ನಾಲ್ಕು ದಿನ. ಹದಿನೈದು ನಿಮಿಷ ಸಾಕು. ಮಗು ಎದ್ದು ಅತ್ತರೆ ಏಳು ನಿಮಿಷಕ್ಕೆ ನಿಲ್ಲಿಸಿ, ಅದೂ ಲೆಕ್ಕಕ್ಕೆ ಬರುತ್ತದೆ.

ಯಾವಾಗ ಮುಂದಿನದಕ್ಕೆ ಹೋಗಬೇಕು? ವಾರದ ಲೆಕ್ಕಕ್ಕಿಂತ ಹೊಟ್ಟೆ ಕೊಡುವ ಸೂಚನೆ ಒಳ್ಳೆಯದು. ದಿಂಡು ಎದ್ದು ಕಾಣುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ, ಹನಿ ಹೋಗುತ್ತಿದೆಯೇ, ಕೆಳಗೆ ಏನೋ ಜಗ್ಗಿದಂತೆ ಭಾರ ಅನಿಸುತ್ತಿದೆಯೇ? ಇವುಗಳಲ್ಲಿ ಯಾವುದೂ ಇಲ್ಲದೆ ಹತ್ತು ಸಲ ಮಾಡಲು ಆದರೆ ಮುಂದಕ್ಕೆ ಹೋಗಿ. ಇದ್ದರೆ ಅದೇ ವ್ಯಾಯಾಮವನ್ನು ಸ್ವಲ್ಪ ಸುಲಭ ಮಾಡಿಕೊಳ್ಳಿ. ಕಾಲು ಕಡಿಮೆ ಎತ್ತಿ, ಸಲಗಳನ್ನು ಕಡಿಮೆ ಮಾಡಿ, ಉಸಿರನ್ನು ಮೊದಲು ಬಿಡಲು ಶುರು ಮಾಡಿ. ದಿಂಡು ಒಮ್ಮೆ ಕಂಡಿತು ಎಂದರೆ ಏನೋ ಕಿತ್ತುಹೋಯಿತು ಎಂದು ಅರ್ಥವಲ್ಲ. ಈ ಭಾರ ಇವತ್ತಿಗೆ ಸ್ವಲ್ಪ ಜಾಸ್ತಿ ಆಯಿತು ಎಂದಷ್ಟೇ.

ಈಗ ಕ್ರಂಚ್ ವಿಷಯ, ನಿಮ್ಮನ್ನು ಇಷ್ಟು ಹೆದರಿಸಿದ್ದು ಅದೇ ಅಲ್ವಾ. ಬಾಣಂತಿ ತಲೆ ಎತ್ತುವ ವ್ಯಾಯಾಮ ಮಾಡಲೇಬಾರದು ಎಂದು ಬಹಳ ಕಾಲ ಹೇಳಿಕೊಂಡು ಬಂದರು. ನಾವು ಫಿಸಿಯೋಥೆರಪಿಸ್ಟ್‌ಗಳೂ ಹೇಳಿದ್ದೇವೆ. ಆಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ ಬೇರೆಯೇ ಕಂಡಿತು. ತಲೆ ಎತ್ತುವಾಗ ಎರಡು ಸ್ನಾಯುಗಳು ಹತ್ತಿರ ಬರುತ್ತವೆ, ದೂರ ಹೋಗುವುದಿಲ್ಲ. ನಾರ್ವೆಯಲ್ಲೇ 70 ತಾಯಂದಿರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಹೆರಿಗೆಯಾಗಿ ಆರರಿಂದ ಹನ್ನೆರಡು ತಿಂಗಳಾದ, ಸಂದು ಉಳಿದಿದ್ದ ಮಹಿಳೆಯರು ಅವರು. ಅರ್ಧ ಜನ 12 ವಾರ ತಲೆ ಮತ್ತು ಭುಜ ಎತ್ತುವ ವ್ಯಾಯಾಮ ಮಾಡಿದರು. ಸಂದು ಹೆಚ್ಚಲಿಲ್ಲ. ಕಡಿಮೆಯೂ ಆಗಲಿಲ್ಲ. ಆದರೆ ಹೊಟ್ಟೆಯ ಬಲ ಹೆಚ್ಚಿತು. ನನಗೆ ಈ ಫಲಿತಾಂಶ ಬಹಳ ಮುಖ್ಯ ಅನಿಸುತ್ತದೆ. ಸಂದು ಇದ್ದ ಹಾಗೇ ಇದ್ದು ಬಲ ಬರಬಹುದು ಎಂದು ಇದು ತೋರಿಸಿತು. ಹಾಗಂತ ನಾಳೆಯಿಂದ 100 ಕ್ರಂಚ್ ಅಲ್ಲ. ಮೇಲೆ ಹೇಳಿದ ಉಸಿರಿನ ಜೊತೆ ತಲೆ ಮತ್ತು ಭುಜ ಮಾತ್ರ ಎತ್ತುವ ಎಂಟು ಹತ್ತು ಸಲದ ಒಂದು ಸುತ್ತಿನಿಂದ ಶುರು ಮಾಡಿ. ಕೈ ಕಟ್ಟಿ ಪೂರ್ತಿ ಎದ್ದು ಕೂರುವ ಸಿಟ್-ಅಪ್, ಎರಡೂ ಕಾಲು ನೇರ ಎತ್ತುವುದು, ಇವು ಕೊನೆಯ ಹಂತಕ್ಕಿರಲಿ.

ನೆಲದ ಮೇಲಿನ ಹದಿನೈದು ನಿಮಿಷಕ್ಕಿಂತ ಮಿಕ್ಕ ದಿನ ದೊಡ್ಡದು. ತೊಟ್ಟಿಲಿನಿಂದ ಮಗು ಎತ್ತುವುದನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ನಾವು ದೂರ ನಿಂತು, ಸೊಂಟದಿಂದ ಬಗ್ಗಿ, ಉಸಿರು ಕಟ್ಟಿ, ಕೈ ಚಾಚಿ ಎತ್ತುತ್ತೇವೆ. ಹಾಗೆ ಮಾಡುವ ಬದಲು ತೊಟ್ಟಿಲಿಗೆ ಅಂಟಿ ನಿಲ್ಲಿ. ಒಂದು ಕಾಲು ಸ್ವಲ್ಪ ಮುಂದಿರಲಿ, ಮಂಡಿ ಮಡಚಿ. ಮಗುವನ್ನು ಮೊದಲು ನಿಮ್ಮ ಎದೆಯ ಹತ್ತಿರ ತಂದುಕೊಳ್ಳಿ. ಉಸಿರು ಬಿಡಲು ಶುರು ಮಾಡಿ, ಆಮೇಲೆ ಎತ್ತಿ. ಉಸಿರು ಮೊದಲು, ಭಾರ ಆಮೇಲೆ. ದಿನಕ್ಕೆ ನಲವತ್ತು ಸಲ ಎತ್ತುತ್ತೀರಿ ಅಂದರೆ ನಲವತ್ತು ಸಲ ಸರಿಯಾದ ವ್ಯಾಯಾಮ ಆಯಿತು. ಹಾಸಿಗೆಯಿಂದ ಏಳುವಾಗ ಸದ್ಯಕ್ಕೆ ನೇರ ಏಳಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಎದ್ದು ಕೂತುಕೊಳ್ಳಿ. ಬಲ ಬಂದಮೇಲೆ ನೇರವೂ ಏಳಬಹುದು, ಜೀವಮಾನವಿಡೀ ಹೀಗೇ ಏಳಬೇಕೆಂದೇನಿಲ್ಲ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿ ಮಾಡಿಕೊಳ್ಳಿ. ದಿನಾ ತಿಣುಕುತ್ತಿದ್ದರೆ ಪೆಲ್ವಿಕ್ ಫ್ಲೋರ್‌ಗೆ ಮಾಡಿದ ವ್ಯಾಯಾಮವೆಲ್ಲ ಅಲ್ಲೇ ಕಳೆದುಹೋಗುತ್ತದೆ.

ಸಿಸೇರಿಯನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಹೊಟ್ಟೆಯ ಸ್ನಾಯುವನ್ನೇ ಕತ್ತರಿಸಿರುತ್ತಾರೆ ಎಂದು. ಸಾಮಾನ್ಯವಾಗಿ ಹಾಗಲ್ಲ. ಚರ್ಮ, ಕೊಬ್ಬು ಮತ್ತು ಸ್ನಾಯುವಿನ ಮೇಲಿನ ಗಟ್ಟಿ ಪೊರೆಯನ್ನು ಕತ್ತರಿಸುತ್ತಾರೆ. ಉದ್ದನೆಯ ಸ್ನಾಯುಗಳನ್ನು ನಡುವೆ ಬಿಡಿಸಿ ಆಚೀಚೆ ಸರಿಸುತ್ತಾರೆ. ಆ ಪೊರೆ ಆರು ವಾರಕ್ಕೆ ತನ್ನ ಬಲದ ಸುಮಾರು ಅರ್ಧದಷ್ಟನ್ನು ಪಡೆದಿರುತ್ತದೆ, ಆಮೇಲೂ ತಿಂಗಳುಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಆರು ವಾರ ಆಯಿತು, ಇನ್ನು ಏನು ಬೇಕಾದರೂ ಮಾಡಬಹುದು ಅನ್ನುವುದು ಅದಕ್ಕೇ ಸರಿಯಲ್ಲ. ನೀವು ಐದು ತಿಂಗಳಲ್ಲಿದ್ದೀರಿ, ಹೊಲಿಗೆ ಮಾಗಿದೆ, ಮೇಲಿನ ವ್ಯಾಯಾಮಗಳಿಗೆ ಅಡ್ಡಿಯಿಲ್ಲ. ಗಾಯದ ಗುರುತನ್ನು ದಿನಾ ಎರಡು ನಿಮಿಷ ಬೆರಳ ತುದಿಯಿಂದ ಮೇಲೆ ಕೆಳಗೆ, ಆಚೆ ಈಚೆ ಮೆಲ್ಲಗೆ ಸರಿಸಿ. ಮುಟ್ಟಲು ಒಂಥರಾ ಆಗುತ್ತದೆ, ಮರಗಟ್ಟಿದಂತಿರುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಮೊದಲು ಬಟ್ಟೆಯ ಮೇಲಿಂದಲೇ ಕೈಯಿಟ್ಟು ಶುರು ಮಾಡಿ. ತನ್ನ ಹೊಟ್ಟೆಯನ್ನು ತಾನೇ ಮುಟ್ಟಲು ಹಿಂಜರಿಯುವವರಿಗೆ ಆ ಸ್ನಾಯುವನ್ನು ಬಿಗಿ ಮಾಡುವುದೂ ಕಷ್ಟವಾಗುತ್ತದೆ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಬೆಲ್ಟ್ ಕೇಳಿದ್ದಿರಿ. ಮೊದಲ ಕೆಲವು ವಾರಗಳಲ್ಲಿ, ಅದರಲ್ಲೂ ಆಪರೇಷನ್ ಆದಮೇಲೆ, ಕೆಮ್ಮುವಾಗ ನಡೆಯುವಾಗ ಬೆಲ್ಟ್ ಹಾಯೆನಿಸುತ್ತದೆ. ಈಗ ನಿಮಗೆ ಬೇಡ. ಬೆಲ್ಟ್ ಸ್ನಾಯುವಿಗೆ ಬಲ ಕೊಡುವುದಿಲ್ಲ, ಬೊಜ್ಜನ್ನೂ ಕರಗಿಸುವುದಿಲ್ಲ. ತುಂಬ ಬಿಗಿಯಾಗಿ ಕಟ್ಟಿದರೆ ಒತ್ತಡ ಕೆಳಕ್ಕೆ ಹೋಗುತ್ತದೆ, ನಿಮಗೆ ಈಗಾಗಲೇ ಸೋರುವ ತೊಂದರೆ ಇರುವಾಗ ಅದು ಒಳ್ಳೆಯದಲ್ಲ.

ಹಾಲು ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹದವಾದ ವ್ಯಾಯಾಮದಿಂದ ಹಾಲಿನ ಪ್ರಮಾಣವಾಗಲಿ ಗುಣವಾಗಲಿ ಕೆಡುವುದಿಲ್ಲ. ಮಗುವಿಗೆ ಹಾಲು ಕೊಟ್ಟು ಶುರು ಮಾಡಿದರೆ ಎದೆ ಹಗುರವಾಗಿ ನಿಮಗೇ ಆರಾಮ. ನಡಿಗೆಯನ್ನೂ ಸೇರಿಸಿಕೊಳ್ಳಿ. ವಾರಕ್ಕೆ ಒಟ್ಟು 150 ನಿಮಿಷದ ಚುರುಕು ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಬಾಣಂತಿಯರಿಗೂ ಸೇರಿಸಿ ಹೇಳಿದೆ. ಓಡುವ ಆಸೆ ಇದ್ದರೆ ಮೊದಲ ಮೂರು ತಿಂಗಳು ಬೇಡ ಎನ್ನುವುದು ಸಾಮಾನ್ಯ ಸಲಹೆ. ನೀವು ಅದನ್ನು ದಾಟಿದ್ದೀರಿ, ಆದರೆ ಸೀನಿದರೆ ಹನಿ ಹೋಗುವುದು ನಿಲ್ಲುವವರೆಗೆ ಕಾಯಿರಿ. ಅರ್ಧ ಗಂಟೆ ಬೀಸು ನಡಿಗೆ, ಒಂದು ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು, ನಿಂತಲ್ಲೇ ಒಂದು ನಿಮಿಷ ಜಾಗಿಂಗ್, ಒಂದೊಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸುವುದು, ಇಷ್ಟನ್ನೂ ನೋವು, ಸೋರಿಕೆ, ಕೆಳಭಾರ ಇಲ್ಲದೆ ಮಾಡಲು ಆದರೆ ಓಡಲು ಶುರು ಮಾಡಬಹುದು.

ಕೆಲವು ಲಕ್ಷಣ ಕಂಡರೆ ವ್ಯಾಯಾಮ ನಿಲ್ಲಿಸಿ ಡಾಕ್ಟರನ್ನು ನೋಡಿ. ಹೊಕ್ಕುಳ ಅಥವಾ ಹೊಲಿಗೆಯ ಹತ್ತಿರ ಗಂಟು ಎದ್ದು, ಮಲಗಿದರೂ ಒಳಗೆ ಹೋಗದಿದ್ದರೆ ಅದು ಹರ್ನಿಯಾ ಇರಬಹುದು. ಅದರ ಜೊತೆ ನೋವು, ವಾಂತಿ ಇದ್ದರೆ ಅದೇ ದಿನ ಹೋಗಬೇಕು. ಯೋನಿಯಲ್ಲಿ ಏನೋ ಜಾರಿ ಬಂದಂತೆ ಅನಿಸುವುದು, ಹೊಲಿಗೆ ಕೆಂಪಾಗಿ ಸೋರುವುದು, ಜ್ವರ, ಅಕಸ್ಮಾತ್ ಹೆಚ್ಚಿದ ರಕ್ತಸ್ರಾವ, ಒಂದೇ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು ಅಥವಾ ಉಸಿರು ಸಿಗದಿರುವುದು, ಇವಕ್ಕೆ ಕಾಯುವಂತಿಲ್ಲ.

ಇನ್ನು ನಿಜವಾಗಿ ಎಷ್ಟು ನಿರೀಕ್ಷಿಸಬಹುದು? ಸ್ನಾಯುವಿನ ಬಲ ಎಂಟರಿಂದ ಹನ್ನೆರಡು ವಾರದಲ್ಲಿ ಗೊತ್ತಾಗುವಷ್ಟು ಬರುತ್ತದೆ. ಹಿಗ್ಗಿದ ಚರ್ಮ ಪೂರ್ತಿ ಮೊದಲಿನಂತಾಗದೆ ಇರಬಹುದು, ಅದಕ್ಕೆ ವ್ಯಾಯಾಮದಲ್ಲಿ ಮದ್ದಿಲ್ಲ. ಸಂದು ಒಂದೆರಡು ಬೆರಳು ಉಳಿಯಬಹುದು. ಹೊಟ್ಟೆಯ ಭಾಗದ ಬೊಜ್ಜನ್ನಷ್ಟೇ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ. ಸಂದು ಮುಚ್ಚುವ ಆಪರೇಷನ್ ಬೇಕಾಗುವುದು ಕೆಲವೇ ಕೆಲವರಿಗೆ. ಅದನ್ನೂ ವರ್ಷವಾದರೂ ಕಳೆದ ಮೇಲೆ, ಮುಂದೆ ಮಗು ಬೇಡ ಎಂದು ನಿರ್ಧರಿಸಿದ ಮೇಲೆ ಯೋಚಿಸುವ ಮಾತು.

ಮೂರು ತಿಂಗಳು ಬಿಡದೆ ಮಾಡಿಯೂ ದಿಂಡು ಹಾಗೇ ಏಳುತ್ತಿದ್ದರೆ, ಹನಿ ನಿಲ್ಲದಿದ್ದರೆ, ಹೆರಿಗೆಯ ನಂತರದ ತೊಂದರೆಗಳನ್ನು ನೋಡುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಪೆಲ್ವಿಕ್ ಫ್ಲೋರ್ ಸರಿಯಾಗಿ ಬಿಗಿಯಾಗುತ್ತಿದೆಯೇ ಎಂದು ಪರೀಕ್ಷಿಸಿ ಹೇಳುತ್ತಾರೆ. ಬಿಗಿ ಹಿಡಿಯುತ್ತಿದ್ದೇನೆ ಅಂದುಕೊಂಡು ಕೆಳಕ್ಕೆ ತಳ್ಳುತ್ತಿರುವವರು ಕಡಿಮೆಯಿಲ್ಲ. ಅಂಥವರು ಎಷ್ಟು ಮಾಡಿದರೂ ಫಲ ಸಿಗುವುದಿಲ್ಲ, ಒಮ್ಮೆ ಸರಿಯಾಗಿ ಹೇಳಿಕೊಟ್ಟರೆ ಕೆಲವೇ ವಾರದಲ್ಲಿ ಬದಲಾವಣೆ ಕಾಣುತ್ತದೆ. ಅಲ್ಲಿಯವರೆಗೆ ಇವತ್ತು ರಾತ್ರಿ ಮಗು ಮಲಗಿದ ಮೇಲೆ ಹಾಸಿಗೆಯಲ್ಲೇ ಮಂಡಿ ಮಡಚಿ, ಹೊಕ್ಕುಳಿನ ಕೆಳಗೆ ಕೈಯಿಟ್ಟು ಹತ್ತು ಉಸಿರು ತೆಗೆದುಕೊಳ್ಳಿ. ಮಿಕ್ಕದ್ದನ್ನು ಎರಡು ವಾರ ಬಿಟ್ಟು ನೋಡೋಣ.